ಶನಿವಾರದ ಅರ್ಧ ದಿನವನ್ನು ಮಕ್ಕಳ ಕೈಗೆ ಕೊಡಿ

ಸಾವಳಗಿ ಹಾಗೂ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಮತ್ತು ಸದಸ್ಯರಿಗೆ,



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ನೀವು ಸೇರುವ ಮೊದಲ ಸಭೆಯಲ್ಲಿ ಯಾವ ಮಾತು ನಡೆಯುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಶೇಕಡಾ ಎಷ್ಟು ಬಂತು, ಗಣಿತದಲ್ಲಿ ಎಷ್ಟು ಮಂದಿ ಉಳಿದರು, ಇಂಗ್ಲಿಷ್ ಮೇಷ್ಟ್ರ ಹುದ್ದೆ ಯಾವಾಗ ತುಂಬುತ್ತದೆ, ಕಾಂಪೌಂಡ್ ಗೋಡೆಯ ಅನುದಾನ ಎಲ್ಲಿಗೆ ಬಂತು. ಇವೆಲ್ಲ ಆಗಬೇಕಾದ ಮಾತುಗಳೇ. ವರ್ಷಗಟ್ಟಲೆ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ, ಈಗ ನಿವೃತ್ತನಾಗಿ ಸಾವಳಗಿಯ ದ್ರಾಕ್ಷಿ ತೋಟದಲ್ಲಿ ಹೊತ್ತು ಕಳೆಯುತ್ತಿರುವ ನಾನು, ಈ ವರ್ಷದ ಸಭೆಯಲ್ಲಿ ಇನ್ನೊಂದು ಮಾತನ್ನೂ ಎತ್ತಿಕೊಳ್ಳಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಎಂಟು, ಒಂಬತ್ತು, ಹತ್ತನೇ ತರಗತಿಯ ಪ್ರತಿಯೊಂದು ಮಗುವಿಗೂ ವಾರಕ್ಕೊಮ್ಮೆ ಕೈಯಾರೆ ಮಾಡಿ ಕಲಿಯುವ ಒಂದು ತರಗತಿ ಬೇಕು. ಅದು ವೇಳಾಪಟ್ಟಿಯ ಒಳಗೆ ಇರಬೇಕು. ನಮ್ಮ ಊರಿನ ಕೆಲಸಗಾರರೇ ಅದನ್ನು ಕಲಿಸಬೇಕು. ಓದಿನಲ್ಲಿ ಹಿಂದೆ ಬಿದ್ದವರಿಗೆ ಮಾತ್ರ ಎಂದಲ್ಲ, ಡಾಕ್ಟರ್ ಆಗಬೇಕೆಂದು ಹೊರಟ ಹುಡುಗಿಗೂ ಅದು ಕಡ್ಡಾಯವಾಗಿರಬೇಕು.

ಯಾಕೆ ಬೇಕು ಎಂದು ಹೇಳುವುದಕ್ಕೆ ಮೊದಲು ನಿಮ್ಮನ್ನು ಒಣದ್ರಾಕ್ಷಿಯ ಶೆಡ್ಡಿಗೆ ಕರೆದುಕೊಂಡು ಹೋಗುತ್ತೇನೆ. ನಿಮ್ಮಲ್ಲಿ ಬಹಳ ಮಂದಿಗೆ ಅದು ಸ್ವಂತದ್ದೇ ಶೆಡ್ಡು. ಫೆಬ್ರವರಿ-ಮಾರ್ಚಿನಲ್ಲಿ ಗೊಂಚಲು ಕಡಿದು ತಂದು ಡ್ರಮ್ಮಿನಲ್ಲಿ ಅದ್ದುತ್ತೇವೆ. ಲೀಟರು ನೀರಿಗೆ 25 ಗ್ರಾಂ ಪೊಟ್ಯಾಶಿಯಂ ಕಾರ್ಬೊನೇಟ್, 15 ಮಿಲಿಲೀಟರ್ ಈಥೈಲ್ ಓಲಿಯೇಟ್, ಅಂದರೆ ನಾವು ಡಿಪ್ಪಿಂಗ್ ಆಯಿಲ್ ಎನ್ನುವುದು. ಆಮೇಲೆ ಜಾಳಿಗೆಯ ಮೇಲೆ ಹರವಿ, ನೆರಳಿನಲ್ಲಿ ಎರಡು ವಾರ ಒಣಗಿಸಿದರೆ ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ, ಅಂದರೆ ಒಣದ್ರಾಕ್ಷಿ. ಈ ಕೆಲಸದಲ್ಲಿ ನಮ್ಮ ಮಕ್ಕಳು ಹುಟ್ಟಿದಾಗಿನಿಂದ ಓಡಾಡಿದ್ದಾರೆ. ಆದರೆ ಆ ದ್ರಾವಣದಲ್ಲಿ ಯಾಕೆ ಅದ್ದಬೇಕು ಎಂದು ಹತ್ತನೇ ತರಗತಿಯ ಹುಡುಗನನ್ನು ಕೇಳಿ ನೋಡಿ. ದ್ರಾಕ್ಷಿಯ ಸಿಪ್ಪೆಯ ಮೇಲೆ ತೆಳುವಾದ ಮೇಣದ ಪದರವಿದೆ, ಒಳಗಿನ ನೀರು ಹೊರಗೆ ಹೋಗದಂತೆ ಅದು ತಡೆಯುತ್ತದೆ, ಕ್ಷಾರ ಮತ್ತು ಎಣ್ಣೆ ಸೇರಿ ಆ ತಡೆಯನ್ನು ಸಡಿಲಿಸುತ್ತವೆ ಎಂದು ಅವನಿಗೆ ಯಾರೂ ಹೇಳಿಲ್ಲ. ಅದೇ ಹುಡುಗ ಅದೇ ವಾರ ಶಾಲೆಯಲ್ಲಿ ಆಮ್ಲ, ಕ್ಷಾರ, ಲವಣದ ಪಾಠ ಬಾಯಿಪಾಠ ಮಾಡಿರುತ್ತಾನೆ. ಕೆಂಪು ಲಿಟ್ಮಸ್ ನೀಲಿಯಾಗುತ್ತದೆ ಎಂದು ಬರೆದು ಅಂಕ ತೆಗೆದಿರುತ್ತಾನೆ. ಅಪ್ಪನ ಡ್ರಮ್ಮಿನಲ್ಲಿ ಒಂದು ತುಂಡು ಲಿಟ್ಮಸ್ ಕಾಗದ ಅದ್ದಿ ನೋಡಿದವನಲ್ಲ.

ಆ ಶೆಡ್ಡಿನಲ್ಲೇ ಎಷ್ಟು ಪಾಠಗಳಿವೆ ನೋಡಿ. ಹಣ್ಣಿನ ಸಕ್ಕರೆ ಅಳೆಯಲು ರೆಫ್ರಾಕ್ಟೋಮೀಟರಿನ ಗಾಜಿನ ಮೇಲೆ ಒಂದು ಹನಿ ರಸ ಬಿಟ್ಟು ಕಣ್ಣಿಗೆ ಹಿಡಿಯುತ್ತೇವೆ. ಬ್ರಿಕ್ಸ್ 22 ದಾಟಿದರೆ ಮಣೂಕಕ್ಕೆ ಒಳ್ಳೆಯದು ಎನ್ನುತ್ತೇವೆ. ಬೆಳಕಿನ ವಕ್ರೀಭವನ ಎಂದು ಪುಸ್ತಕದಲ್ಲಿ ಬಾಣಗಳ ಚಿತ್ರ ಬರೆಸುವ ಪಾಠ ಅದೇ. ಬಿಸಿಲಿನಲ್ಲಿ ಒಣಗಿಸಿದರೆ ಕಾಳು ಕಂದಾಗುತ್ತದೆ, ನೆರಳಿನಲ್ಲಿ ಹಸಿರು ಉಳಿಯುತ್ತದೆ, ಗಂಧಕದ ಹೊಗೆ ಕೊಟ್ಟರೆ ಬಂಗಾರದ ಬಣ್ಣ ಬರುತ್ತದೆ. ಮೂರಕ್ಕೂ ಮೂರು ಕಾರಣಗಳಿವೆ. ಸೋನಾಕ ತಳಿಯ ಕಾಳು ಉದ್ದ, ಥಾಮ್ಸನ್ನಿನದು ಗಿಡ್ಡ, ಯಾವುದಕ್ಕೆ ತಾಸಗಾಂವ ಪೇಟೆಯಲ್ಲಿ ಯಾವ ದರ ಎಂಬ ಲೆಕ್ಕವೂ ಇದೆ. ತೋಟಕ್ಕೆ ಹೊಡೆಯುವ ಔಷಧದ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳಿರುತ್ತವೆ. ಕೆಂಪು ಅತ್ಯಂತ ವಿಷಕಾರಿ, ಹಸಿರು ಎಲ್ಲಕ್ಕಿಂತ ಕಡಿಮೆ. ಎಷ್ಟು ಮನೆಗಳಲ್ಲಿ ಮಕ್ಕಳು ಅದನ್ನು ಓದಿ ಅಪ್ಪನಿಗೆ ಹೇಳುತ್ತಾರೆ? ಔಷಧವನ್ನು ಮಕ್ಕಳು ಮುಟ್ಟಬಾರದು ಎನ್ನುವುದು ಸರಿ. ಆದರೆ ಆ ತ್ರಿಕೋನವನ್ನು ಓದಬೇಕು, 200 ಲೀಟರಿನ ಬ್ಯಾರಲ್ಲಿಗೆ ಎಷ್ಟು ಮಿಲಿಲೀಟರ್ ಎಂದು ಲೆಕ್ಕ ಹಾಕಬೇಕು, ಹೊಡೆದ ಮೇಲೆ ಎಷ್ಟು ದಿನ ಹಣ್ಣು ಕಡಿಯಬಾರದು ಎಂದು ತಿಳಿದಿರಬೇಕು. ಇದನ್ನು ಕಲಿಯಲು ಬೆಂಗಳೂರಿನಿಂದ ಯಾವ ಮಾಡ್ಯೂಲೂ ಬರಬೇಕಾಗಿಲ್ಲ.

ರಬಕವಿ-ಬನಹಟ್ಟಿಯ ಸದಸ್ಯರಿಗೆ ನಾನು ಮಗ್ಗದ ವಿಷಯ ಹೇಳಹೊರಡುವುದು ಉದ್ಧಟತನವಾದೀತು. ಆದರೂ ಒಬ್ಬ ವಿಜ್ಞಾನ ಮೇಷ್ಟ್ರಾಗಿ ನನಗೆ ಕಂಡದ್ದನ್ನು ಹೇಳುತ್ತೇನೆ. ನೂಲಿನ ಕೌಂಟ್ ಎಂಬುದಿದೆಯಲ್ಲ, 840 ಗಜದ ಒಂದು ಲಡಿ, ಒಂದು ಪೌಂಡಿಗೆ ಅಂಥ ಎಷ್ಟು ಲಡಿ ಬರುತ್ತವೋ ಅಷ್ಟು ಕೌಂಟ್. 40ರ ನೂಲು ಎಂದರೆ ಒಂದು ಪೌಂಡಿನಲ್ಲಿ 33,600 ಗಜ. ವಿಲೋಮ ಅನುಪಾತವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಉದಾಹರಣೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಬನಹಟ್ಟಿಯ ಓಣಿಯಲ್ಲಿ ಕಂಡಿಕೆ ಸುತ್ತುವ ಅಜ್ಜಿಗೆ ಅದು ಬೆರಳ ತುದಿಯಲ್ಲಿ ಗೊತ್ತು. ಅವಳ ಮೊಮ್ಮಗ ಅದೇ ಲೆಕ್ಕದಲ್ಲಿ ತಪ್ಪಿ ಅಂಕ ಕಳೆದುಕೊಳ್ಳುತ್ತಾನೆ. ಸೆರಗಿನ ಹೂವನ್ನು ಎಬ್ಬಿಸುವ ಜಕಾರ್ಡ್ ಪೆಟ್ಟಿಗೆಯ ರಟ್ಟುಗಳನ್ನು ನೋಡಿ. ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಫ್ರಾನ್ಸಿನ ಲಿಯಾನ್ ನಗರದ ನೇಕಾರ ಜಕಾರ್ಡ್ 1804ರ ಹೊತ್ತಿಗೆ ಆ ಯಂತ್ರ ಮಾಡಿದ. ಮುಂದೆ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಅದೇ ರಟ್ಟುಗಳನ್ನು ಬಳಸಲು ಯೋಚಿಸಿದ. ಕಂಪ್ಯೂಟರ್ ಲ್ಯಾಬ್ ಬೇಕೆಂದು ನಾವು ಅರ್ಜಿ ಹಾಕುವುದು ನ್ಯಾಯವೇ. ಆದರೆ ಲ್ಯಾಬ್ ಬರುವ ತನಕ ಸೊನ್ನೆ ಮತ್ತು ಒಂದನ್ನು ಕಲಿಸಲು ಶಾಲೆಯ ಹಿಂದಿನ ಓಣಿಯಲ್ಲೇ ಒಂದು ಪೆಟ್ಟಿಗೆ ಇದೆ.

ಮೋಟಾರಿನ ವಿಷಯವಂತೂ ಜೀವದ ವಿಷಯ. ಬೋರಿನ ಸ್ಟಾರ್ಟರ್ ಪೆಟ್ಟಿಗೆ ತೆಗೆದು, ಒದ್ದೆ ಕೈಯಲ್ಲಿ ಫ್ಯೂಸಿಗೆ ತಂತಿ ಸುತ್ತಲು ಹೋಗಿ ಸತ್ತವರ ಸುದ್ದಿ ನಮ್ಮ ಭಾಗದಲ್ಲಿ ಹೊಸದಲ್ಲ. ಅರ್ಥಿಂಗ್ ಯಾಕೆ ಬೇಕು, ಟೆಸ್ಟರ್ ಹೇಗೆ ಹಿಡಿಯಬೇಕು, ಮೂರು ಫೇಸಿನಲ್ಲಿ ಒಂದು ಹೋದರೆ ಮೋಟಾರು ಯಾಕೆ ಸುಡುತ್ತದೆ ಎಂಬುದನ್ನು ಹೊಲದ ಮನೆಯ ಹುಡುಗ-ಹುಡುಗಿಯರೆಲ್ಲ ಕಲಿತೇ ಶಾಲೆ ಬಿಡಬೇಕು. ಓಮನ ನಿಯಮ ಬರೆದು ಪಾಸಾದ ಮಗು ಮನೆಯ ಪ್ಲಗ್ಗಿಗೆ ಸ್ಕ್ರೂ ಬಿಗಿಯಲು ಹೆದರುವುದನ್ನು ನಾನು ನೋಡಿದ್ದೇನೆ. ಆ ಹೆದರಿಕೆಯಲ್ಲಿ ಮಗುವಿನ ತಪ್ಪಿಲ್ಲ, ನಾವು ಅದರ ಕೈಗೆ ಸ್ಕ್ರೂಡ್ರೈವರನ್ನೇ ಕೊಟ್ಟಿಲ್ಲ.

ಈಗ ನಿಮ್ಮ ಮನಸ್ಸಿನಲ್ಲಿರುವ ಮಾತಿಗೆ ಬರುತ್ತೇನೆ. ಪಾಲಕರ ಸಭೆಯಲ್ಲಿ ಈ ವಿಚಾರ ಎತ್ತಿದಾಗಲೆಲ್ಲ ಯಾರಾದರೂ ಎದ್ದು, "ನಮ್ಮ ಹುಡುಗ ಸಾಲಿಗಿ ಬಂದಿರೋದು ಓದಾಕ್ರೀ ಸರ್, ದುಡಿಯಾಕಲ್ಲ. ನಾವು ಮೈ ಮುರಿದು ದುಡದದ್ದು ಸಾಕು" ಎನ್ನುತ್ತಾರೆ. ಈ ಮಾತಿನ ಹಿಂದೆ ಎಷ್ಟು ತಲೆಮಾರುಗಳ ನೋವಿದೆ ಎಂಬುದನ್ನು ತಿಳಿಯದೆ ಉತ್ತರ ಕೊಡಬಾರದು. ನೇಕಾರನ ಮಗನಿಗೆ ಮಗ್ಗ, ಚಮ್ಮಾರನ ಮಗನಿಗೆ ಉಳಿ, ಗೌಡರ ಮಗನಿಗೆ ಪುಸ್ತಕ ಎಂದು ಹಂಚಿಕೊಟ್ಟ ಸಮಾಜ ನಮ್ಮದು. 1953ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿಯಾಗಿದ್ದ ರಾಜಾಜಿಯವರು ಹಳ್ಳಿಯ ಪ್ರಾಥಮಿಕ ಶಾಲೆಗಳ ವೇಳೆಯನ್ನು ದಿನಕ್ಕೆ ಮೂರು ತಾಸಿಗೆ ಇಳಿಸಿ, ಉಳಿದ ಹೊತ್ತು ಮಕ್ಕಳು ತಂದೆಯ ಕಸುಬು ಕಲಿಯಲಿ ಎಂಬ ಯೋಜನೆ ತಂದರು. ಆಗ ಮಂಗಳೂರು, ಕಾಸರಗೋಡುಗಳೂ ಮದರಾಸು ರಾಜ್ಯದಲ್ಲೇ ಇದ್ದವು. ಪೆರಿಯಾರರು ಅದನ್ನು ಕುಲಕಸುಬಿನ ಶಿಕ್ಷಣ ಎಂದು ಕರೆದು ಬೀದಿಗಿಳಿದರು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು, ಅವರ ನಂತರ ಬಂದ ಕಾಮರಾಜರು ಯೋಜನೆಯನ್ನು ಕೈಬಿಟ್ಟರು. ಅದು ಬಿದ್ದುಹೋದದ್ದು ಒಳ್ಳೆಯದೇ ಆಯಿತು. ಜಾತಿಯ ಕಸುಬಿಗೆ ಮಗುವನ್ನು ಕಟ್ಟಿಹಾಕುವ ಯಾವ ಯೋಜನೆಯನ್ನೂ ನಾನು ಇಂದಿಗೂ ವಿರೋಧಿಸುತ್ತೇನೆ.

ನಾನು ಕೇಳುತ್ತಿರುವುದು ಅದರ ತದ್ವಿರುದ್ಧವಾದದ್ದು. ದ್ರಾಕ್ಷಿ ತೋಟದ ಮಾಲಕರ ಮಗ ಗವಂಡಿಯ ಹತ್ತಿರ ರಸಮಟ್ಟ, ಮೂಲೆಮಟ್ಟ ಹಿಡಿಯುವುದನ್ನು ಕಲಿಯಬೇಕು. ಗವಂಡಿಯ ಮಗಳು ಮೋಟಾರ್ ವೈಂಡಿಂಗ್ ಕಲಿಯಬೇಕು. ಮಠದ ಸ್ವಾಮಿಗಳ ಸಂಬಂಧಿಕರ ಹುಡುಗ ಚರ್ಮ ಹೊಲಿಯುವುದನ್ನು ಕಲಿಯಬೇಕು. ಕೂಡಲಸಂಗಮ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ ಇದೆ. ಬಸವಣ್ಣನವರ ಸುತ್ತ ಕೂತಿದ್ದ ಮೇದಾರ ಕೇತಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಇವರ ಹೆಸರಿನಲ್ಲೇ ಅವರವರ ಕೆಲಸ ಇದೆ, ಜಯಂತಿಗಳಲ್ಲಿ ನಾವು ಭಕ್ತಿಯಿಂದ ಆ ಹೆಸರು ಹೇಳುತ್ತೇವೆ. ಮುಧೋಳದ ರನ್ನ ಬಳೆಗಾರರ ಮನೆತನದವನು. ನಮ್ಮ ನೆಲದಲ್ಲಿ ಕೈಗೂ ವಿದ್ಯೆಗೂ ಹಗೆ ಇರಲಿಲ್ಲ ಎಂಬುದಕ್ಕೆ ಇವರೇ ಸಾಕ್ಷಿ. ಹಗೆ ಹುಟ್ಟಿಸಿದ್ದು ನಮ್ಮ ಶಾಲೆ ಮತ್ತು ನಮ್ಮ ಜಾತಿ, ಎರಡೂ ಸೇರಿ. ಎಲ್ಲರ ಮಕ್ಕಳೂ ಎಲ್ಲ ಕೆಲಸವನ್ನೂ ಮುಟ್ಟಿದರೆ ಮಾತ್ರ ಅದು ಕರಗೀತು.

ಈ ಪ್ರಯತ್ನ ಹಿಂದೆ ಆಗಿಲ್ಲವೇ ಎಂದರೆ, ಆಗಿದೆ, ಮತ್ತೆ ಮತ್ತೆ ಆಗಿದೆ. ಗಾಂಧೀಜಿ 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಕರೆದರು, ಝಾಕಿರ್ ಹುಸೇನರ ಸಮಿತಿ ಮೂಲಶಿಕ್ಷಣದ ಪಠ್ಯಕ್ರಮ ಮಾಡಿತು. ಮುಂಬೈ ಪ್ರಾಂತ್ಯದ ಶಾಲೆಗಳಲ್ಲಿ ತಕಲಿ ಹಿಡಿದು ನೂತದ್ದನ್ನು ನೆನೆಸುವ ಹಿರಿಯರು ನಮ್ಮ ಭಾಗದಲ್ಲಿ ಇತ್ತೀಚಿನವರೆಗೂ ಇದ್ದರು. ಅತ್ತ ಆಲಮಟ್ಟಿಯಲ್ಲಿ ಗಾಂಧೀವಾದಿ ಹರ್ಡೇಕರ ಮಂಜಪ್ಪನವರು ಆಶ್ರಮ, ವಿದ್ಯಾಲಯ ಕಟ್ಟಿದ್ದರು. ಮೂಲಶಿಕ್ಷಣ ಯಾಕೆ ನಿಂತಿತು? ಮಕ್ಕಳು ನೂತ ನೂಲಿನಿಂದಲೇ ಶಾಲೆಯ ಖರ್ಚು ನಡೆಯಲಿ ಎಂಬ ನಿರೀಕ್ಷೆ ಅದರ ಬೆನ್ನು ಮುರಿಯಿತು. ಪಟ್ಟಣದ ಮಕ್ಕಳಿಗೆ ಪುಸ್ತಕ, ಹಳ್ಳಿಯ ಮಕ್ಕಳಿಗೆ ತಕಲಿ ಎಂದಾದಾಗ ಹಳ್ಳಿಯವರಿಗೆ ಅದು ಎರಡನೇ ದರ್ಜೆ ಎನ್ನಿಸಿತು, ಅದು ಸಹಜವೇ. ಆಮೇಲೆ 1964-66ರ ಕೊಠಾರಿ ಆಯೋಗ ಕಾರ್ಯಾನುಭವ ಎಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂದಿತು. ಅದು ಬಹಳ ಶಾಲೆಗಳಲ್ಲಿ ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು ಮತ್ತು ರಿಜಿಸ್ಟರಿನಲ್ಲಿ ಒಂದು ಗ್ರೇಡ್ ಬರೆಯುವುದು ಎಂಬಲ್ಲಿಗೆ ಬಂದು ನಿಂತಿತು. ಹೊಲಿಗೆ, ಮರಗೆಲಸ, ಕೃಷಿ ಕಲಿಸುತ್ತಿದ್ದ ವೃತ್ತಿಶಿಕ್ಷಕರು ನಿವೃತ್ತರಾದ ಮೇಲೆ ಎಷ್ಟೋ ಕಡೆ ಅವರ ಜಾಗಕ್ಕೆ ಯಾರೂ ಬರಲಿಲ್ಲ. ಅವರ ಕೋಣೆಗಳು ಬಿಸಿಯೂಟದ ಅಕ್ಕಿ ಇಡುವ ಕೋಣೆಗಳಾದವು.

ಪದವಿಪೂರ್ವ ಮಟ್ಟದಲ್ಲಿ ನಮ್ಮ ರಾಜ್ಯ 1977-78ರಲ್ಲಿ ಶುರುಮಾಡಿದ ಜೆಒಸಿ ಎಂಬ ವೃತ್ತಿಶಿಕ್ಷಣದ ಕೋರ್ಸುಗಳೂ ಮುಚ್ಚಿಹೋದವು. ಈಗ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಎನ್‌ಎಸ್‌ಕ್ಯುಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಹೆಸರಿನಲ್ಲಿ ಒಂಬತ್ತನೇ ತರಗತಿಯಿಂದ ಐಟಿ, ಆಟೊಮೊಬೈಲ್, ರಿಟೇಲ್, ಬ್ಯೂಟಿ ಮುಂತಾದ ವಿಷಯಗಳಿವೆ. ಮೂರನೇ ಭಾಷೆಯ ಬದಲು ಮಕ್ಕಳು ಅದನ್ನು ತೆಗೆದುಕೊಳ್ಳಬಹುದು. ಇದನ್ನು ನಾನು ತೆಗಳುವುದಿಲ್ಲ, ಅದರಿಂದ ಅನುಕೂಲವಾದ ಮಕ್ಕಳಿದ್ದಾರೆ. ಆದರೆ ಒಂದು ಮಾತು ಹೇಳಲೇಬೇಕು. ಹಿಂದಿ ತಲೆಗೆ ಹತ್ತದವರಿಗೆ ಇದು ಎಂಬ ಮಾತು ಸ್ಟಾಫ್‌ರೂಮಿನಲ್ಲಿ ಒಮ್ಮೆ ಹುಟ್ಟಿತು ಎಂದರೆ ಆ ವಿಷಯ ತೆಗೆದುಕೊಂಡ ಮಗು ತರಗತಿಯ ಮುಂದೆ ತಲೆ ತಗ್ಗಿಸುತ್ತದೆ. ಕೈಕೆಲಸವನ್ನು ಇನ್ನೊಂದು ವಿಷಯದ ಬದಲಿಗೆ ಇಟ್ಟಾಗಲೆಲ್ಲ ಹೀಗೇ ಆಗುತ್ತದೆ. ಅದನ್ನು ಎಲ್ಲರ ವಿಷಯವಾಗಿ ಇಡಬೇಕು. ಫಿನ್ಲೆಂಡಿನಲ್ಲಿ ಉನೊ ಸಿಗ್ನೇಯಸ್ ಎಂಬ ಶಿಕ್ಷಣಾಧಿಕಾರಿಯ ಪ್ರಯತ್ನದಿಂದ 1866ರಲ್ಲೇ ಕೈಕೆಲಸ ಶಾಲೆಯ ಕಡ್ಡಾಯ ವಿಷಯವಾಯಿತು, ಇವತ್ತಿಗೂ ಅಲ್ಲಿ ಗಂಡು-ಹೆಣ್ಣು ಎನ್ನದೆ ಮಕ್ಕಳೆಲ್ಲ ಮರಗೆಲಸ, ಹೊಲಿಗೆ ಕಲಿಯುತ್ತಾರೆ. ಅಲ್ಲಿ ಯಾರಿಗೂ ಅದು ದಡ್ಡರ ಪಾಠ ಎನ್ನಿಸಿಲ್ಲ. ನಮ್ಮ ದೇಶದಲ್ಲಿ 19ರಿಂದ 24 ವಯಸ್ಸಿನ ದುಡಿಯುವವರಲ್ಲಿ ಕ್ರಮಬದ್ಧ ವೃತ್ತಿಶಿಕ್ಷಣ ಪಡೆದವರು ನೂರಕ್ಕೆ ಐದು ಮಂದಿಗಿಂತ ಕಡಿಮೆ ಎಂದು ಹನ್ನೆರಡನೇ ಪಂಚವಾರ್ಷಿಕ ಯೋಜನೆ ಅಂದಾಜಿಸಿತ್ತು. ಜರ್ಮನಿಯಲ್ಲಿ ಅದು 75, ದಕ್ಷಿಣ ಕೊರಿಯಾದಲ್ಲಿ 96.

ದೂರದ ದೇಶಗಳು ಬೇಡ ಎನ್ನುವವರಿಗೆ ಪಕ್ಕದ ಮಹಾರಾಷ್ಟ್ರದ ಪುಣೆ ಜಿಲ್ಲೆಯ ಪಾಬಳ ಗ್ರಾಮವಿದೆ. ದ್ರಾಕ್ಷಿ, ಮಣೂಕದ ವ್ಯವಹಾರಕ್ಕೆ ಸಾಂಗ್ಲಿ-ಪುಣೆಗೆ ಹೋಗುವ ನಿಮಗೆ ಅದು ದೂರವಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆಹಾರ ತಂತ್ರಜ್ಞಾನದ ಪಿಎಚ್‌.ಡಿ. ಮಾಡಿ, ದೊಡ್ಡ ಕಂಪನಿಯೊಂದರ ಸಂಶೋಧನಾಲಯದಲ್ಲಿ ಕೆಲಸ ಮಾಡಿದ್ದ ಡಾ. ಎಸ್. ಎಸ್. ಕಲಬಾಗ್ ಎಲ್ಲ ಬಿಟ್ಟು 1983ರಲ್ಲಿ ಆ ಬರದ ಊರಿಗೆ ಬಂದು ವಿಜ್ಞಾನ ಆಶ್ರಮ ಕಟ್ಟಿದರು. ಪ್ರೌಢಶಾಲೆಯ ಮಕ್ಕಳಿಗಾಗಿ ಮೂಲ ತಂತ್ರಜ್ಞಾನದ ಒಂದು ಪಠ್ಯಕ್ರಮ ಮಾಡಿದರು. ಎಂಟರಿಂದ ಹತ್ತನೇ ತರಗತಿಯವರೆಗೆ ವಾರದಲ್ಲಿ ಒಂದು ದಿನ ಅದಕ್ಕೇ ಮೀಸಲು. ಅದರಲ್ಲಿ ಕಬ್ಬಿಣ-ಮರ-ಕಟ್ಟಡದ ಕೆಲಸ, ವಿದ್ಯುತ್ ಮತ್ತು ಪರಿಸರ, ಮನೆ-ಆಹಾರ-ಆರೋಗ್ಯ, ಕೃಷಿ-ಪಶುಪಾಲನೆ ಎಂಬ ನಾಲ್ಕು ಭಾಗಗಳಿವೆ. ಒಂದೇ ಕಸುಬಿಗೆ ಮಗುವನ್ನು ಅಂಟಿಸದೆ ನಾಲ್ಕನ್ನೂ ಪ್ರತಿಯೊಬ್ಬರಿಗೂ ಕಲಿಸುತ್ತಾರೆ. ಕಲಿಸುವವರು ಆ ಸುತ್ತಿನ ಕೆಲಸಗಾರರು. ಮಕ್ಕಳು ಮಾಡಿದ ಕೆಲಸ ಊರಿಗೆ ಉಪಯೋಗಕ್ಕೆ ಬರಬೇಕು, ಊರವರು ಅದಕ್ಕೆ ಸಾಮಾನಿನ ಖರ್ಚು ಕೊಡುತ್ತಾರೆ. ಮಹಾರಾಷ್ಟ್ರದ ಪರೀಕ್ಷಾ ಮಂಡಳಿ ಅದನ್ನು ಒಂದು ವಿಷಯವಾಗಿ ಮಾನ್ಯ ಮಾಡಿತು, ಬೇರೆ ಬೇರೆ ಶಾಲೆಗಳಿಗೆ ಅದು ಹಬ್ಬಿತು. ಕಲಬಾಗರು 2003ರಲ್ಲಿ ತೀರಿಕೊಂಡರು. ಆಶ್ರಮ ಇವತ್ತಿಗೂ ನಡೆಯುತ್ತಿದೆ. ನಿಮ್ಮಲ್ಲಿ ಯಾರಾದರೂ ಒಮ್ಮೆ ಹೋಗಿ ನೋಡಿ ಬನ್ನಿ ಎಂದು ಕೈಮುಗಿದು ಕೇಳುತ್ತೇನೆ.

ಬೀಳಗಿ ತಾಲ್ಲೂಕಿನ ಸದಸ್ಯರಿಗೆ ಒಂದು ಮಾತು. ಮುಳುಗಡೆ ಎಂದರೇನು ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿಯ ನೀರು 519.60 ಮೀಟರಿಗೆ ನಿಂತಾಗಲೇ ಎಷ್ಟು ಊರು, ಎಷ್ಟು ಎರೆಹೊಲ ಹೋದವು. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ಕೊಟ್ಟಿದೆ, ಏರಿದ ದಿನ ಇನ್ನಷ್ಟು ಹೊಲ ಹೋಗುತ್ತವೆ. ಪರಿಹಾರದ ಹಣ ಬಂದ ಮನೆಗಳಲ್ಲಿ ಅದು ಹೇಗೆ ಕರಗಿತು ಎಂಬುದನ್ನೂ ನೀವು ಕಂಡಿದ್ದೀರಿ. ಹೊಲ ಹೋದ ಮೇಲೆ ಹೊಲದ ಕೆಲಸ ಮಾತ್ರ ಗೊತ್ತಿದ್ದವನಿಗೆ ಪುನರ್ವಸತಿ ಕೇಂದ್ರದ ತಗಡಿನ ಕೆಳಗೆ ಏನು ಉಳಿಯುತ್ತದೆ? ನಿಮ್ಮ ಮಕ್ಕಳಿಗೆ ಈ ಕೈಕೆಲಸದ ತರಗತಿ ಹೆಚ್ಚುವರಿ ಪಾಠವಲ್ಲ, ಪರಿಹಾರದ ಒಂದು ಭಾಗ. ಪುನರ್ವಸತಿಯ ಪಟ್ಟಿಯಲ್ಲಿ ರಸ್ತೆ, ಗುಡಿ, ಶಾಲೆಯ ಕೋಣೆ ಕೇಳುವಾಗ ಶಾಲೆಗೆ ಒಂದು ವರ್ಕ್‌ಶಾಪನ್ನೂ ಕೇಳಿ.

ಹೆಣ್ಣುಮಕ್ಕಳ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ನಮ್ಮ ಮನೆಗಳಲ್ಲಿ ಕೈಕೆಲಸದ ಹೊರೆ ಅವರ ಮೇಲೇ ಇದೆ. ಕಂಡಿಕೆ ಸುತ್ತುವವರು ಅವರು, ಮಣೂಕ ಆರಿಸಿ ಕಡ್ಡಿ ಬಿಡಿಸುವವರು ಅವರು, ಕಸ ಕೀಳುವವರು ಅವರು. ಆದರೆ ಯಂತ್ರ ಬಂದ ಕೂಡಲೇ ಅದು ಗಂಡಸಿನ ಕೈಗೆ ಹೋಗುತ್ತದೆ, ಅದರೊಂದಿಗೆ ಹೆಚ್ಚಿನ ಕೂಲಿಯೂ ಹೋಗುತ್ತದೆ. ಶಾಲೆಯ ತರಗತಿಯಲ್ಲಿ ಹುಡುಗಿಯರಿಗೆ ಕಸೂತಿ, ಹುಡುಗರಿಗೆ ವೆಲ್ಡಿಂಗ್ ಎಂದು ಹಂಚಿದರೆ ದಯವಿಟ್ಟು ಆ ತರಗತಿಯನ್ನೇ ಮಾಡಬೇಡಿ. ಹುಡುಗಿ ಡ್ರಿಲ್ ಹಿಡಿಯಲಿ, ಸಿದ್ಧಪಡಿಸಿದ ದ್ರಾಕ್ಷಿ ಬೇರುಸಸಿಗೆ ಕಸಿ ಕಟ್ಟಲಿ. ಹುಡುಗ ತನ್ನ ಅಂಗಿಯ ಗುಂಡಿಯನ್ನು ತಾನೇ ಹೊಲಿಯಲಿ, ರೊಟ್ಟಿ ಬಡಿಯಲಿ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಎಚ್ಚರ. ತರಗತಿಯ ಹೆಸರಿನಲ್ಲಿ ಮಕ್ಕಳನ್ನು ಯಾರದೋ ತೋಟದ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸಕ್ಕೆ, ಯಾರದೋ ಗಾಣಕ್ಕೆ ಬಿಟ್ಟಿ ಆಳುಗಳಾಗಿ ಕಳಿಸುವ ದಿನ ಬಂದರೆ ಅದು ಪಾಪ. ಕಾನೂನಿನ ಪ್ರಕಾರವೂ ಅಪರಾಧ. ಕಬ್ಬಿನ ಹಂಗಾಮಿನಲ್ಲಿ ಗ್ಯಾಂಗಿನ ಜೊತೆ ಬರುವ ಮಕ್ಕಳು ಶಾಲೆಯ ಮುಖ ನೋಡದೆ ಕಬ್ಬಿನ ಸೋಗೆಯ ನಡುವೆ ಬೆಳೆಯುವುದನ್ನು ನಾವೆಲ್ಲ ನೋಡುತ್ತಿದ್ದೇವೆ. ಕೆಲಸ ಮಾಡುವುದಕ್ಕೂ ಕೆಲಸ ಕಲಿಯುವುದಕ್ಕೂ ಇರುವ ಅಂತರವನ್ನು ಸಮಿತಿ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಕಲಿಯುವ ಮಗುವಿಗೆ ಯಾಕೆ ಎಂದು ಕೇಳುವ ಹಕ್ಕಿರುತ್ತದೆ, ತಪ್ಪು ಮಾಡಿ ಸಾಮಾನು ಕೆಡಿಸುವ ಹಕ್ಕಿರುತ್ತದೆ, ಗಂಟೆ ಬಾರಿಸಿದಾಗ ನಿಲ್ಲಿಸುವ ಹಕ್ಕಿರುತ್ತದೆ.

ನಮ್ಮವರ ಕೈಯಲ್ಲಿ ಏನಾಗುತ್ತದೆ ಎಂಬುದಕ್ಕೆ ಜಮಖಂಡಿ ತಾಲ್ಲೂಕಿನವರಿಗೆ ಬೇರೆ ಸಾಕ್ಷಿ ಬೇಕಿಲ್ಲ, ಚಿಕ್ಕಪಡಸಲಗಿ ಇದೆ. ಕೃಷ್ಣೆ ಬೇಸಿಗೆಯಲ್ಲಿ ಬತ್ತಿ, ದಂಡೆಯ ಹೊಲಗಳು ಒಣಗುತ್ತಿದ್ದ ಕಾಲದಲ್ಲಿ ಸಿದ್ದು ನ್ಯಾಮಗೌಡರು ರೈತರನ್ನು ಕೂಡಿಸಿ, ವಂತಿಗೆ ಎತ್ತಿ, ಸರ್ಕಾರದ ಹಣಕ್ಕೆ ಕಾಯದೆ ನದಿಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟಿಸಿದರು. 1989ರಲ್ಲಿ ಅದು ಮುಗಿಯಿತು, ಶ್ರಮಬಿಂದು ಸಾಗರ ಎಂದು ಹೆಸರಾಯಿತು. ಮಂದಿ ಅವರನ್ನು ಬ್ಯಾರೇಜ್ ಸಿದ್ದು ಎಂದೇ ಕರೆದರು, 1991ರಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಲೋಕಸಭೆಗೆ ಕಳಿಸಿದರು. ಅವರು 2018ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಇವತ್ತು ಈ ಭಾಗದಲ್ಲಿ ಹಸಿರಾಗಿರುವ ಕಬ್ಬು, ದ್ರಾಕ್ಷಿಯಲ್ಲಿ ಆ ನೀರಿನ ಪಾಲಿದೆ. ಸಾವಿರಾರು ರೈತರು ಶ್ರಮದಾನ ಮಾಡಿದ ಆ ಕಟ್ಟಡವನ್ನು ನೋಡಲು ಹೊರಗಿನವರು ಬರುತ್ತಾರೆ. ನಮ್ಮ ಮಕ್ಕಳು ಬಸ್ಸಿನ ಕಿಟಕಿಯಿಂದ ನೋಡಿದ್ದಾರೆ. ಆ ಕಮಾನುಗಳ ಉದ್ದ ಅಳೆದು, ಗೇಟು ಹಾಕುವವರನ್ನು ಮಾತಾಡಿಸಿ, ಎಷ್ಟು ನೀರು ನಿಂತರೆ ಎಷ್ಟು ಒತ್ತಡ ಎಂದು ಲೆಕ್ಕ ಹಾಕಿ, ಮರಳು-ಸಿಮೆಂಟಿನಲ್ಲಿ ಒಂದು ಸಣ್ಣ ಮಾದರಿ ಮಾಡಿದ ಒಂದೇ ಒಂದು ತರಗತಿ ನನಗೆ ಗೊತ್ತಿಲ್ಲ. ಆ ಕೆಲಸದಲ್ಲಿ ಕೈಯಾಡಿಸಿದ ಹಿರಿಯರು ಇನ್ನೂ ನಮ್ಮ ಊರುಗಳಲ್ಲಿ ಇದ್ದಾರೆ. ಅವರು ಬದುಕಿರುವಾಗಲೇ ಮಕ್ಕಳನ್ನು ಅವರ ಮುಂದೆ ಕೂರಿಸಿ.

ಇನ್ನು ಹೇಗೆ ಮಾಡುವುದು. ಕಟ್ಟಡಕ್ಕೆ ಕಾಯಬೇಡಿ. ತಿಂಗಳಿಗೊಮ್ಮೆ ಸಂಭ್ರಮ ಶನಿವಾರ ಎಂದು ಬ್ಯಾಗ್ ಇಲ್ಲದ ದಿನವನ್ನು ಇಲಾಖೆಯೇ ಕೊಟ್ಟಿದೆ. ಅಲ್ಲಿಂದ ಶುರುಮಾಡಿ, ಆಮೇಲೆ ಪ್ರತಿ ಶನಿವಾರದ ಬೆಳಗಿನ ಶಾಲೆಯನ್ನು ಇದಕ್ಕೆ ಕೇಳಿ. ಎಂಟನೇ ತರಗತಿಯವರೆಗೆ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವ ಹೊಣೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 22ನೇ ಕಲಮು ಸಮಿತಿಗೇ ಕೊಟ್ಟಿದೆ. ಆ ಯೋಜನೆಯಲ್ಲಿ ಇದನ್ನು ಬರೆಯಿರಿ, ಠರಾವು ಮಾಡಿ ಬಿಇಒ ಕಚೇರಿಗೆ ಕಳಿಸಿ. ಸಾಮಾನು ಎಂದರೆ ಬಹಳ ಬೇಡ. ಒಂದು ಗಟ್ಟಿ ಮೇಜು, ಅದಕ್ಕೊಂದು ವೈಸ್, ಗರಗಸ, ಸುತ್ತಿಗೆ, ಪಾನಾಗಳು, ಒಂದೆರಡು ಮಲ್ಟಿಮೀಟರ್, ಒಂದು ಡ್ರಿಲ್, ಎರಡು ಹೊಲಿಗೆ ಯಂತ್ರ, ಒಂದು ರೆಫ್ರಾಕ್ಟೋಮೀಟರ್, ಕೆಟ್ಟುಹೋದ ಒಂದು ಮೋಟಾರು. ಕಣ್ಣಿಗೆ ಕನ್ನಡಕ, ಕೈಗವಸು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮಾತ್ರ ತಪ್ಪಬಾರದು. ಹಳೆಯ ವಿದ್ಯಾರ್ಥಿಗಳು ಶಾಲೆಗೆ ಧ್ವಜಸ್ತಂಭ, ವೇದಿಕೆ, ಸ್ವಾಗತ ಕಮಾನು ಕೊಡುತ್ತಾರೆ. ಈ ಸಲ ಒಂದು ಕಪಾಟು ತುಂಬ ಹತ್ಯಾರ ಕೊಡಿ ಎಂದು ಕೇಳಿ, ಕೊಡುತ್ತಾರೆ.

ಕಲಿಸುವವರ ವಿಷಯದಲ್ಲಿ ನನ್ನದು ಒಂದೇ ಷರತ್ತು. ವೈಂಡಿಂಗ್ ಅಂಗಡಿಯವನು, ಗವಂಡಿ, ಬಡಿಗೇರರ ಹಿರಿಯ, ಬನಹಟ್ಟಿಯ ನೇಕಾರ್ತಿ, ದ್ರಾಕ್ಷಿ ಚಾಟ್ನಿಯ ಗ್ಯಾಂಗಿನ ಮುಖ್ಯಸ್ಥ, ಮಹಾಲಿಂಗಪುರದ ಬೆಲ್ಲ ಕಾಸುವವನು ಇವರು ಶಾಲೆಗೆ ಬಂದಾಗ ಕುರ್ಚಿ ಹಾಕಿ, ಮೇಷ್ಟ್ರೇ ಎಂದು ಕರೆಯಿರಿ, ಆ ಅರ್ಧ ದಿನದ ಪಗಾರ ಕೊಡಿ. ಕೊಪ್ಪರಿಗೆಯಲ್ಲಿ ಕುದಿಯುವ ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ ಹದ ಹೇಳುವವನಿಗೆ ಯಾವ ಡಿಗ್ರಿ ಸರ್ಟಿಫಿಕೇಟೂ ಇಲ್ಲ. ಆ ಹದ ಸುಮಾರು 118 ಡಿಗ್ರಿ ಸೆಲ್ಸಿಯಸ್ ಎಂದು ಥರ್ಮಾಮೀಟರ್ ಹಿಡಿದು ತೋರಿಸುವುದು ವಿಜ್ಞಾನ ಶಿಕ್ಷಕರ ಕೆಲಸ. ಇಬ್ಬರೂ ಒಂದೇ ಕೊಪ್ಪರಿಗೆಯ ಪಕ್ಕ ನಿಂತಾಗ ಆ ತರಗತಿ ಪೂರ್ತಿಯಾಗುತ್ತದೆ. ಮುಖ್ಯೋಪಾಧ್ಯಾಯರೂ ಶಿಕ್ಷಕರೂ ಇದನ್ನು ತಮ್ಮ ಮೇಲೆ ಬಿದ್ದ ಇನ್ನೊಂದು ಕೆಲಸ ಎಂದು ನೋಡುವಂತಾಗಬಾರದು. ಅದಕ್ಕಾಗಿ ಜನಗಣತಿ, ಚುನಾವಣೆ, ಮೊಟ್ಟೆಯ ಲೆಕ್ಕದ ನಡುವೆ ಬಳಲಿದ ಅವರ ಹೆಗಲಿನಿಂದ ಒಂದೆರಡು ರಿಜಿಸ್ಟರನ್ನು ಇಳಿಸುವ ಮಾತನ್ನೂ ನೀವೇ ಆಡಬೇಕು.

ಈ ತರಗತಿಯಿಂದ ಫಲಿತಾಂಶ ಕುಸಿಯುತ್ತದೆ ಎಂಬ ಅಂಜಿಕೆ ನಿಮಗಿದ್ದರೆ, ಅದು ಗಣಿತ-ವಿಜ್ಞಾನದ ಅಂಕಗಳ ಅಂಜಿಕೆಯೇ ಅಲ್ಲವೇ? ನಾನು ಮೇಲೆ ಹೇಳಿದ ಒಂದೊಂದು ಕೆಲಸದಲ್ಲೂ ಆ ಎರಡು ವಿಷಯಗಳೇ ಇವೆ. ಎಲ್ಲ ಹುಡುಗರಿಗೂ ನೌಕರಿ ಸಿಗುತ್ತದೆ ಎಂದು ನಾನು ಆಸೆ ಹುಟ್ಟಿಸುವುದಿಲ್ಲ. ಶನಿವಾರದ ಮೂರು ತಾಸಿನಿಂದ ಯಾರೂ ಮೆಕ್ಯಾನಿಕ್ ಆಗುವುದಿಲ್ಲ, ಆಗಬೇಕೆಂದೂ ಇಲ್ಲ. ಮಕ್ಕಳು ತಮ್ಮ ಕೈಯನ್ನು ನಂಬುವುದನ್ನು ಕಲಿತರೆ, ತಮ್ಮ ಅಪ್ಪ-ಅವ್ವನ ಕೆಲಸದಲ್ಲಿ ವಿದ್ಯೆ ಇದೆ ಎಂದು ಕಂಡುಕೊಂಡರೆ, ಮುಂದೆ ಎಂಜಿನಿಯರ್ ಆದಾಗ ಕೆಲಸಗಾರನಿಗೆ ಏಕವಚನ ಹಾಕದೆ ಮಾತಾಡಿದರೆ ನನಗೆ ಅಷ್ಟು ಸಾಕು.

ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಮುನ್ನ ಸಭೆ ಕರೆಯಿರಿ. ವಿಷಯಪಟ್ಟಿಯಲ್ಲಿ ಇದನ್ನು ಮೊದಲನೆಯದಾಗಿ ಬರೆಯಿರಿ. ನಿಮ್ಮ ಊರಿನಲ್ಲಿ ಕಲಿಸಬಲ್ಲ ಹತ್ತು ಕೆಲಸಗಾರರ ಹೆಸರನ್ನು ಅವತ್ತೇ ಪಟ್ಟಿಮಾಡಿ. ಸಾವಳಗಿಯ ಸುತ್ತಮುತ್ತ ಯಾವ ಶಾಲೆ ಕರೆದರೂ ಮಣೂಕದ ಪಾಠಕ್ಕೆ ಲಿಟ್ಮಸ್ ಕಾಗದ ಹಿಡಿದುಕೊಂಡು ನಾನು ಬರುತ್ತೇನೆ, ಪಗಾರ ಬೇಡ.

ಇಂತಿ ನಿಮ್ಮವ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ,
ಸಾವಳಗಿ, ಜಮಖಂಡಿ ತಾಲ್ಲೂಕು